ಅಮ್ಮನ ಫೋನಿಗೆ ಎಷ್ಟು ಆಯುಸ್ಸು?

ಇಪ್ಪತ್ತು ಸಾವಿರದೊಳಗೆ ಅಮ್ಮನಿಗೊಂದು ಫೋನ್ ಬೇಕು, ಬ್ಯಾಂಕಿನ ವ್ಯವಹಾರವೂ ಅದರಲ್ಲೇ ಆಗಬೇಕು. ಯಾವ ಕಂಪನಿಯದು ವಾಸಿ? ಇದು ಹಾಸನದ ಓದುಗರೊಬ್ಬರ ಪ್ರಶ್ನೆ.

ಅಂಗಡಿಯಲ್ಲಿ ಮೆಗಾಪಿಕ್ಸೆಲ್ ವಿಚಾರಿಸುವ ಮೊದಲು ಅವರು ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆಂದು ಕೇಳಲಿ. 2023ರ ಪಿಕ್ಸೆಲ್ 8ಕ್ಕೆ ಗೂಗಲ್, 2024ರ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷದ ಮಾತು ಕೊಟ್ಟಿವೆ. ಹೊಸದಾಗಿ ಬಂದಾಗ ಎರಡೂ ಈ ಬಜೆಟ್ಟಿಗೆ ಎಟುಕುವಂಥವಲ್ಲ. ಆದರೆ ಸ್ಯಾಮ್‌ಸಂಗ್‌ನದೇ ಅಗ್ಗದ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷ ಉಂಟು. ಒಂದು ಕಿವಿಮಾತು: ಈ ಲೆಕ್ಕ ಶುರುವಾಗುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಹಬ್ಬದ ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಮಾಡೆಲ್ ಅಷ್ಟು ಆಯುಸ್ಸು ಕಳೆದುಕೊಂಡೇ ಕೈಗೆ ಬರುತ್ತದೆ.

ಖಾಸಗಿತನಕ್ಕೆ ಐಫೋನ್ ಹೆಸರುವಾಸಿ. ಬೇರೆ ಆ್ಯಪ್‌ಗಳಲ್ಲೂ ನಮ್ಮ ಬೆನ್ನುಹತ್ತಬೇಕಾದರೆ ಆ್ಯಪ್ ಅನುಮತಿ ಕೇಳಲೇಬೇಕೆಂದು ಆ್ಯಪಲ್ 2021ರಲ್ಲಿ ಕಡ್ಡಾಯ ಮಾಡಿತು. (ತನ್ನ ಆ್ಯಪ್ ಸ್ಟೋರಿನಲ್ಲಿ ತಾನೂ ಜಾಹೀರಾತು ಮಾರುತ್ತದೆ ಅನ್ನಿ.) ಅಗ್ಗದ ಆಂಡ್ರಾಯ್ಡ್ ಕೊಂಡವರು ಮೊದಲ ದಿನವೇ ಬೇಡದ ಆ್ಯಪ್‌ಗಳನ್ನು ಕಿತ್ತುಹಾಕಿ, ಲಾಕ್‌ಸ್ಕ್ರೀನಿನ ಜಾಹೀರಾತು ಆಫ್ ಮಾಡುವುದು ಒಳ್ಳೆಯದು.

ದುಡ್ಡು ಕೊಡುವ ಮುಂಚೆ, ಆ ಕಂಪನಿಯ ಸರ್ವಿಸ್ ಸೆಂಟರ್ ಹಾಸನದಲ್ಲೇ ಇದೆಯೇ ಎಂದೂ ನೋಡಿಕೊಳ್ಳಲಿ. ಬ್ಯಾಟರಿ ಬದಲಿಸಲು ಅಮ್ಮ ಬೆಂಗಳೂರಿನ ಬಸ್ ಹತ್ತುವಂತಾಗಬಾರದು.