ತೆರಿಗೆ ಇಲ್ಲದಿದ್ದರೂ ಕ್ರೀಮಿ ಲೇಯರ್!

"ನಮಗೆ ಟ್ಯಾಕ್ಸ್ ಬರಲ್ಲ, ಹಾಗಾಗಿ ನಾವು ಕ್ರೀಮಿ ಲೇಯರ್ ಅಲ್ಲ" ಎಂದು ನನ್ನ ಗೆಳೆಯರಲ್ಲಿ ಹಲವರು ಹೇಳುತ್ತಾರೆ. ಇದು ಸರಿಯಲ್ಲ.

ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಸೆಕ್ಷನ್ 87ಎ ರಿಯಾಯಿತಿಯ ಮಿತಿ 2023ರಲ್ಲಿ 5 ಲಕ್ಷದಿಂದ 7 ಲಕ್ಷಕ್ಕೆ, 2025ರಲ್ಲಿ 12 ಲಕ್ಷಕ್ಕೆ ಏರಿತು. ಕೇಂದ್ರದ ಒಬಿಸಿ ಮೀಸಲಾತಿಯಲ್ಲಿ 1993ರಲ್ಲಿ 1 ಲಕ್ಷವಿದ್ದ ಕ್ರೀಮಿ ಲೇಯರ್ ಮಿತಿ 2017ರಲ್ಲಿ 8 ಲಕ್ಷವಾಯಿತು, ಅಲ್ಲಿಗೇ ನಿಂತಿದೆ.

ನಮ್ಮ ಮನೆಮಾತಿನಲ್ಲಿ ಎಲ್ಲಕ್ಕೂ 'ಆಮ್ದನಿ' ಎನ್ನುತ್ತೇವೆ. ಕಾನೂನಿನಲ್ಲಿ ಲೆಕ್ಕ ಬೇರೆ ಬೇರೆ. ತೆರಿಗೆಗೆ ಒಬ್ಬರ ಒಂದು ವರ್ಷದ ಆದಾಯ ನೋಡುತ್ತಾರೆ. ಕ್ರೀಮಿ ಲೇಯರ್‌ಗೆ ತಂದೆ-ತಾಯಿಯ ಒಟ್ಟು ಆದಾಯ, ಅದೂ ಸತತ ಮೂರು ವರ್ಷದ್ದು. ಕೃಷಿ ಆದಾಯ ಮತ್ತು ವಿದ್ಯಾರ್ಥಿಯ ಸ್ವಂತ ಗಳಿಕೆ ಸೇರುವುದಿಲ್ಲ. ಸರ್ಕಾರಿ ನೌಕರರಿಗೆ ಸಂಬಳವಲ್ಲ, ಹುದ್ದೆಯ ದರ್ಜೆ ಮುಖ್ಯ.

ಉದಾಹರಣೆ: ಬಟ್ಟೆ ಅಂಗಡಿಯಿಂದ ತಂದೆಗೆ ವರ್ಷಕ್ಕೆ 6 ಲಕ್ಷ, ಟೈಲರಿಂಗ್‌ನಿಂದ ತಾಯಿಗೆ 3 ಲಕ್ಷ ಲಾಭ. ಇಬ್ಬರಿಗೂ ತೆರಿಗೆ ಶೂನ್ಯ. ಆದರೆ ಒಟ್ಟು 9 ಲಕ್ಷ. ಮೂರು ವರ್ಷ ಹೀಗೇ ಇದ್ದರೆ ಮಕ್ಕಳಿಗೆ ಕೇಂದ್ರದ 27% ಒಬಿಸಿ ಮೀಸಲಾತಿ ಸಿಗದು.

ಆದ್ದರಿಂದ ನೀಟ್, ಜೆಇಇ ಅರ್ಜಿ ತುಂಬುವ ಮೊದಲೇ ಮನೆಯಲ್ಲಿ ಕುಳಿತು ಮೂರು ವರ್ಷದ ಲೆಕ್ಕ ಹಾಕಿ. ರಾಜ್ಯದ ಪ್ರಮಾಣಪತ್ರಕ್ಕೆ ನಿಯಮ ಬೇರೆ. ಅದನ್ನು ಪ್ರತ್ಯೇಕವಾಗಿ ವಿಚಾರಿಸಿ.