ಹಬ್ಬದ ನಡುವೆ ನಿಮಗೂ ಒಂದು ಬಿಡುವು

ಸಹೋದರಿ, ದಸರಾದಿಂದ ದೀಪಾವಳಿವರೆಗೆ ಒಲೆ ಬಿಟ್ಟು ಏಳಲಿಕ್ಕೇ ಆಗುವುದಿಲ್ಲ, ಹಬ್ಬವೆಂದರೆ ದಣಿವು ಎಂದು ದಡ್ಡಿ ಊರಿನಿಂದ ಬರೆದಿದ್ದೀರಿ. ನೆಮ್ಮದಿಗಾಗಿ ಹೊಸದೇನನ್ನೋ ಕಲಿಯಬೇಕಿಲ್ಲ. ನಮ್ಮ ಹಬ್ಬಗಳಲ್ಲೇ ಅದಕ್ಕೆ ಜಾಗವಿದೆ. ಈ ಎರಡು ಹಬ್ಬಗಳ ನಡುವೆ ಬರುವ ಶೀಗಿ ಹುಣ್ಣಿಮೆಯನ್ನೇ ನೋಡಿ. ಬೆಳೆ ಹಸಿರಾಗಿ ನಿಂತ ಹೊಲದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ನೈವೇದ್ಯದ ಅಡುಗೆಯನ್ನು ಹೊಲದ ತುಂಬ ಚರಗವಾಗಿ ಚೆಲ್ಲಿ, ರೊಟ್ಟಿ, ಪುಂಡಿಪಲ್ಯ, ಕಡಬು ಹಂಚಿಕೊಂಡು ಉಣ್ಣುತ್ತೇವೆ. ರಾಶಿ ಮನೆಗೆ ಬರುವ ಮೊದಲೇ ಭೂಮಿತಾಯಿಗೆ ಸಲ್ಲಿಸುವ ಕೃತಜ್ಞತೆ ಇದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹತ್ತಿರದ್ದೇ: ವಾರಕ್ಕೊಮ್ಮೆ ತಮಗೆ ಸಿಕ್ಕ ಒಳಿತನ್ನು ಬರೆದಿಟ್ಟವರು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿದ್ದರು.

‘ಚರಗದ ಬುತ್ತಿ ಕಟ್ಟುವವಳೂ ನಾನೇ ಅಲ್ಲವೇ?’ ಎಂದು ನೀವು ಕೇಳಬಹುದು. ಆ ಮಾತು ನಿಜ, ಅದನ್ನು ತಳ್ಳಿಹಾಕಲಾರೆ. ದುಡಿಮೆ ಒಬ್ಬರ ಹೆಗಲ ಮೇಲೇ ಇದ್ದರೆ, ಕೃತಜ್ಞರಾಗಿರಿ ಎನ್ನುವ ಉಪದೇಶ ಅನ್ಯಾಯವಾಗುತ್ತದೆ. ಆದ್ದರಿಂದ ಮೊದಲು ಕೆಲಸ ಹಂಚಿ: ರೊಟ್ಟಿ ಹಿಂದಿನ ದಿನವೇ ಆಗಲಿ, ಕಾಯಿಪಲ್ಯ ಹೆಚ್ಚುವುದು, ಪಾತ್ರೆ ತೊಳೆಯುವುದು ಗಂಡಸರಿಗೂ ಮಕ್ಕಳಿಗೂ ಇರಲಿ. ಐದು ಬಗೆಯ ಅಡುಗೆಯ ಬದಲು ಮೂರೇ ಮಾಡಿದರೆ ಹಬ್ಬಕ್ಕೇನೂ ಊನವಿಲ್ಲ. ಜನ ಏನಂದಾರು ಎನ್ನುವ ಅಂಜಿಕೆಗೆ ಒಂದು ವರ್ಷ ಮಣಿಯದೆ ನೋಡಿ. ಉಂಡಾದ ಮೇಲೆ ಬುತ್ತಿ ಗಂಟು ಕಟ್ಟುವ ಕೆಲಸ ಬೇರೆಯವರು ಮಾಡಲಿ. ನೀವು ಬದುವಿನ ಮೇಲೆ ಅರ್ಧ ತಾಸು ಸುಮ್ಮನೆ ಕುಳಿತುಕೊಳ್ಳಿ. ಮನೆಯವರಿಗೆ ಇದನ್ನು ಈ ವಾರವೇ ಹೇಳಿಬಿಡಿ.