ಓಟಗಾರನ ಗಡಿಯಾರ

1924ನೆಯ ಇಸವಿಯ ಜುಲೈ 10ನೆಯ ತಾರೀಖು. ಪ್ಯಾರಿಸ್ ನಗರದ ಹೊರವಲಯದ ಕೊಲಂಬ್ ಕ್ರೀಡಾಂಗಣದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದವು. ಫಿನ್‌ಲೆಂಡ್ ದೇಶದ ಪಾವೊ ನುರ್ಮಿ ಎಂಬಾತನು 1500 ಮೀಟರುಗಳ ಓಟವನ್ನು 3 ನಿಮಿಷ 53.6 ಸೆಕೆಂಡುಗಳಲ್ಲಿ ಓಡಿ ಗೆದ್ದನು. ಎರಡು ಗಂಟೆಗಳು ಕಳೆಯುವುದರೊಳಗಾಗಿ ಅದೇ ಅಂಗಣದಲ್ಲಿ 5000 ಮೀಟರುಗಳ ಓಟಕ್ಕೆ ಸಿದ್ಧನಾಗಿ ಬಂದು ನಿಂತನು. ದಣಿದಿರುವ ನುರ್ಮಿಯನ್ನು ಸೋಲಿಸಲು ಇದೇ ಸಮಯವೆಂದು ಬಗೆದು ಅವನ ದೇಶದವನೇ ಆದ ವಿಲ್ಲೆ ರಿತೋಲನೂ ಸ್ವೀಡನ್ನಿನ ಎಡ್ವಿನ್ ವೀಡೆಯೂ ಆರಂಭದಿಂದಲೇ ಬಿರುಸಾಗಿ ಓಡತೊಡಗಿದರು. ನುರ್ಮಿ ಅವರನ್ನು ಬೆನ್ನಟ್ಟುವ ಆತುರ ತೋರಲಿಲ್ಲ. ಅವನ ದೃಷ್ಟಿ ಎದುರಾಳಿಗಳ ಬೆನ್ನಿನ ಮೇಲಿರಲಿಲ್ಲ. ತನ್ನ ಅಂಗೈಯಲ್ಲಿದ್ದ ಸ್ಟಾಪ್‌ವಾಚಿನ ಮೇಲಿತ್ತು. ಸುತ್ತು ಸುತ್ತಿಗೂ ಅದನ್ನು ನೋಡಿಕೊಂಡು ತಾನು ಮೊದಲೇ ನಿಶ್ಚಯಿಸಿದ್ದ ಗತಿಯಲ್ಲಿ ಓಡಿದನು. ಕ್ರಮೇಣ ಮುಂದಿದ್ದವರು ಕೈಗೆ ಸಿಕ್ಕರು. ಕೊನೆಗೊಮ್ಮೆ ಗಡಿಯಾರವನ್ನು ನೋಡಿ ಅದನ್ನು ಪಕ್ಕದ ಹುಲ್ಲಿನ ಮೇಲೆ ಎಸೆದು ಓಡಿದನೆಂದು ಪ್ರತೀತಿ. ಅವನ ಕಾಲ 14 ನಿಮಿಷ 31.2 ಸೆಕೆಂಡು, ಎರಡನೆಯವನಾದ ರಿತೋಲನದು 14 ನಿಮಿಷ 31.4 ಸೆಕೆಂಡು.

ನುರ್ಮಿ 1897ರಲ್ಲಿ ಟುರ್ಕು ಪಟ್ಟಣದ ಬಡಗಿಯೊಬ್ಬನ ಮಗನಾಗಿ ಹುಟ್ಟಿದವನು. ಹನ್ನೆರಡನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಶಾಲೆಯನ್ನು ಬಿಟ್ಟು, ರೊಟ್ಟಿ ಮಾಡುವ ಅಂಗಡಿಯೊಂದರಲ್ಲಿ ಆಳಾಗಿ ಸೇರಿ ಭಾರವಾದ ಕೈಗಾಡಿಯನ್ನು ದಿಣ್ಣೆಯ ಮೇಲಕ್ಕೆ ತಳ್ಳಿದವನು. 1920ರ ಆಂಟ್‌ವೆರ್ಪ್ ಒಲಿಂಪಿಕ್ಸಿನ 5000 ಮೀಟರುಗಳಲ್ಲಿ ಫ್ರಾನ್ಸಿನ ಜೋಸೆಫ್ ಗಿಯೆಮೊನಿಗೆ ಸೋತು ಎರಡನೆಯವನಾದನು. ಆದರೂ ಒಟ್ಟು ಮೂರು ಒಲಿಂಪಿಕ್ಸುಗಳಲ್ಲಿ ಒಂಬತ್ತು ಚಿನ್ನದ ಪದಕಗಳನ್ನೂ ಮೂರು ಬೆಳ್ಳಿಯ ಪದಕಗಳನ್ನೂ ಗಳಿಸಿದನು. ಅವನ ಕಾಲುಗಳಲ್ಲಿ ಬಲವಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಲವುಳ್ಳವರು ಆ ಕಾಲದಲ್ಲಿ ಬೇರೆಯವರೂ ಇದ್ದರು. ಇರುವ ಬಲವನ್ನು ಓಟದ ಉದ್ದಕ್ಕೂ ಸಮನಾಗಿ ಹಂಚಿ ಖರ್ಚು ಮಾಡುವ ಲೆಕ್ಕಾಚಾರವು ಅವನ ವಿಶೇಷವಾಗಿತ್ತು.

ಈ ಲೆಕ್ಕಾಚಾರಕ್ಕೆ ಎರಡು ಸಂಗತಿಗಳು ತಿಳಿದಿರಬೇಕು: ಓಡಿದ ದೂರವೆಷ್ಟು, ಹಿಡಿದ ಕಾಲವೆಷ್ಟು. ಕ್ರೀಡಾಂಗಣದ ಸುತ್ತಿನ ಅಳತೆ ಗೊತ್ತಿರುವುದರಿಂದ ಅಲ್ಲಿ ಸ್ಟಾಪ್‌ವಾಚೊಂದೇ ಸಾಕಾಗುತ್ತದೆ. ಊರ ಹೊರಗಿನ ರಸ್ತೆಯಲ್ಲಿ, ಕೆರೆಯ ಏರಿಯ ಮೇಲೆ, ತೋಟದ ಕಾಲುದಾರಿಯಲ್ಲಿ ಓಡುವವನಿಗೆ ಕಾಲ ತಿಳಿಯುತ್ತದೆಯೇ ಹೊರತು ದೂರ ತಿಳಿಯುವುದಿಲ್ಲ. ಮೈಲಿಗಲ್ಲುಗಳಿದ್ದರೆ ಸರಿ, ಇಲ್ಲವಾದರೆ ಎಲ್ಲವೂ ಊಹೆಯೇ. ಈ ಕೊರತೆಯನ್ನು ತುಂಬಿದ ಸಾಧನವೇ ಜಿ.ಪಿ.ಎಸ್. ಕೈಗಡಿಯಾರ.

ಈ ಗಡಿಯಾರವು ದೂರವನ್ನು ಅಳೆಯುವ ಬಗೆ ಕುತೂಹಲಕರವಾದುದು. ಮಳೆಗಾಲದಲ್ಲಿ ಮಿಂಚು ಕಂಡ ಬಳಿಕ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರದಲ್ಲಿ ಬಡಿಯಿತೆಂದು ಹೇಳುವ ರೂಢಿಯುಂಟು. ಮೂರು ಸೆಕೆಂಡುಗಳಾದರೆ ಸುಮಾರು ಒಂದು ಕಿಲೋಮೀಟರು. ಕಾಲವನ್ನು ಅಳೆದು ದೂರವನ್ನು ಕಂಡುಕೊಳ್ಳುವ ಇದೇ ತತ್ತ್ವ ಇಲ್ಲಿಯೂ ಇದೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ, ದಿನಕ್ಕೆ ಹೆಚ್ಚುಕಡಿಮೆ ಎರಡು ಸುತ್ತಿನಂತೆ, ಅಮೆರಿಕದ ಉಪಗ್ರಹಗಳು ತಿರುಗುತ್ತಿವೆ. ಪ್ರತಿಯೊಂದು ಉಪಗ್ರಹವೂ 'ನಾನು ಇಲ್ಲಿದ್ದೇನೆ, ಈಗ ಇಷ್ಟು ಹೊತ್ತು' ಎಂದು ರೇಡಿಯೊ ಸಂಕೇತಗಳ ಮೂಲಕ ಎಡೆಬಿಡದೆ ಸಾರುತ್ತಿರುತ್ತದೆ. ಆ ಸಂಕೇತವು ಬೆಳಕಿನ ವೇಗದಲ್ಲಿ ಚಲಿಸಿ ಭೂಮಿಯನ್ನು ಮುಟ್ಟಲು ಒಂದು ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಭಾಗ ಹಿಡಿಯುತ್ತದೆ. ಹಿಡಿದ ಕಾಲದಿಂದ ಉಪಗ್ರಹದ ದೂರವನ್ನು ಗಡಿಯಾರವು ಲೆಕ್ಕ ಹಾಕುತ್ತದೆ. ಸ್ಥಾನವನ್ನು ಗೊತ್ತುಮಾಡಲು ಮೂರು ಉಪಗ್ರಹಗಳ ದೂರ ಸಾಕಾಗಬೇಕಿತ್ತು. ಆದರೆ ಕೈಗಡಿಯಾರದೊಳಗಿನ ಅಗ್ಗದ ಕಾಲಮಾಪಕವನ್ನು ನಂಬುವಂತಿಲ್ಲವಾದ್ದರಿಂದ ಅದರ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯದೂ ಬೇಕು.

ಇಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಕಾಲ ತಪ್ಪಿದರೂ ದೂರದಲ್ಲಿ 300 ಮೀಟರುಗಳ ವ್ಯತ್ಯಾಸವಾಗುತ್ತದೆ. ಆದುದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನು ಇರಿಸಿದ್ದಾರೆ. ಇದರ ಮಹತ್ವವನ್ನು ಭಾರತವು ಸ್ವಂತ ಅನುಭವದಿಂದ ಅರಿತಿದೆ. ನಮ್ಮ ದೇಶದ್ದೇ ಆದ 'ನಾವಿಕ್' ವ್ಯವಸ್ಥೆಯ ಮೊದಲನೆಯ ಉಪಗ್ರಹವು 2013ರ ಜುಲೈ 1ರಂದು ಶ್ರೀಹರಿಕೋಟೆಯಿಂದ ಹಾರಿತು. ಅದನ್ನು ಕಕ್ಷೆಗೆ ಏರಿಸುವ ಕಾರ್ಯವನ್ನು ಹಾಸನದ ಮುಖ್ಯ ನಿಯಂತ್ರಣ ಕೇಂದ್ರವು ವಹಿಸಿಕೊಂಡಿತ್ತು. ಕೆಲವು ವರ್ಷಗಳಲ್ಲಿ ಅದರ ಮೂರು ಪರಮಾಣು ಗಡಿಯಾರಗಳೂ ಕೆಟ್ಟುಹೋದವು. ಉಪಗ್ರಹವು ಆಕಾಶದಲ್ಲಿ ಇದ್ದಲ್ಲಿಯೇ ಇತ್ತು. ಆದರೆ ಹೊತ್ತು ಹೇಳಲಾರದ ಅದು ದಾರಿ ತೋರಿಸಲು ನಿರುಪಯುಕ್ತವಾಯಿತು. ಮುಂದೆ 2023ರ ಮೇ 29ರಂದು ಹಾರಿಸಿದ ಹೊಸ ಉಪಗ್ರಹದಲ್ಲಿ ಭಾರತದಲ್ಲಿಯೇ ತಯಾರಾದ ಪರಮಾಣು ಗಡಿಯಾರವಿದ್ದಿತು.

ಅಮೆರಿಕದ ವ್ಯವಸ್ಥೆಯು 1973ರಲ್ಲಿ ಅಲ್ಲಿನ ಸೈನ್ಯದ ಅಗತ್ಯಕ್ಕಾಗಿ ಆರಂಭವಾದುದು. ಬಹುಕಾಲ ಸಾಮಾನ್ಯ ಜನರಿಗೆ ದೊರೆಯುತ್ತಿದ್ದ ಸಂಕೇತವನ್ನು ಉದ್ದೇಶಪೂರ್ವಕವಾಗಿ ಕೆಡಿಸಿಯೇ ಕಳಿಸಲಾಗುತ್ತಿತ್ತು. ಸ್ಥಾನದಲ್ಲಿ ನೂರು ಮೀಟರುಗಳಷ್ಟು ತಪ್ಪು ಸಂಭವಿಸುತ್ತಿತ್ತು. 2000ದ ಮೇ ತಿಂಗಳಿನಲ್ಲಿ ಆ ನಿರ್ಬಂಧ ತೆಗೆದ ಮೇಲೆಯೇ ಇದು ಓಟಗಾರನ ಉಪಯೋಗಕ್ಕೆ ಯೋಗ್ಯವಾಯಿತು. 2003ರಲ್ಲಿ ಗಾರ್ಮಿನ್ ಸಂಸ್ಥೆಯು ಓಟಗಾರರಿಗಾಗಿ ಮಾಡಿದ ಗಡಿಯಾರಗಳು ಮಾರುಕಟ್ಟೆಗೆ ಬಂದವು.

ಈ ಗಡಿಯಾರದ ನಿಜವಾದ ಉಪಕಾರವು ಯಾವುದು? ಒಬ್ಬ ವಿದ್ಯಾರ್ಥಿನಿಯು ಐದು ಕಿಲೋಮೀಟರು ದೂರವನ್ನು 29 ನಿಮಿಷ 45 ಸೆಕೆಂಡುಗಳಲ್ಲಿ ಓಡಿದಳೆಂದು ಭಾವಿಸಬಹುದು. ಓಟದ ಕೊನೆಯಲ್ಲಿ ಆಕೆ ಏದುಸಿರು ಬಿಡುತ್ತಿದ್ದಾಳೆ, ಕಾಲುಗಳು ಸೋತಿವೆ. ಸಾಮಾನ್ಯ ಗಡಿಯಾರ ಕಟ್ಟಿದ್ದರೆ ಒಟ್ಟು ಕಾಲವೊಂದೇ ಆಕೆಗೆ ತಿಳಿಯುತ್ತಿತ್ತು. 'ನನಗೆ ದಮ್ಮು ಸಾಲದು, ದೂರದ ಓಟ ನನ್ನ ಪಾಲಿನದಲ್ಲ' ಎಂದುಕೊಂಡು ಮನೆಗೆ ಹೋಗುತ್ತಿದ್ದಳು. ಹಾಗೆಂದುಕೊಂಡೇ ಓಟವನ್ನು ಬಿಟ್ಟುಬಿಡುವ ಎಳೆಯರು ಕಡಮೆಯೇನಿಲ್ಲ. ಆದರೆ ಜಿ.ಪಿ.ಎಸ್. ಗಡಿಯಾರವು ಪ್ರತಿಯೊಂದು ಕಿಲೋಮೀಟರಿನ ಕಾಲವನ್ನೂ ಬೇರೆಬೇರೆಯಾಗಿ ಬರೆದಿಟ್ಟಿರುತ್ತದೆ: ಮೊದಲನೆಯದು 5 ನಿಮಿಷ, ಎರಡನೆಯದು 5 ನಿಮಿಷ 40 ಸೆಕೆಂಡು, ಮೂರನೆಯದು 6 ನಿಮಿಷ 10 ಸೆಕೆಂಡು, ನಾಲ್ಕನೆಯದು 6 ನಿಮಿಷ 35 ಸೆಕೆಂಡು, ಐದನೆಯದು 6 ನಿಮಿಷ 20 ಸೆಕೆಂಡು. ಈ ಐದು ಅಂಕಿಗಳನ್ನು ನೋಡಿದೊಡನೆ ವಿಷಯ ಬೇರೆಯಾಗಿ ತೋರುತ್ತದೆ. ತಪ್ಪಾದುದು ಮೊದಲನೆಯ ಕಿಲೋಮೀಟರಿನಲ್ಲಿ, ದಮ್ಮಿನಲ್ಲಿ ಅಲ್ಲ. ಓಟದ ಆರಂಭದಲ್ಲಿ ಮೈ ಹಗುರವಾಗಿರುತ್ತದೆ, ಉತ್ಸಾಹ ಹೆಚ್ಚಾಗಿರುತ್ತದೆ. ಐದು ನಿಮಿಷದ ಗತಿಯೂ ಸುಲಭವೆಂದೇ ಅನ್ನಿಸುತ್ತದೆ. ಆ ಗತಿಗೆ ಬೇಕಾದಷ್ಟು ಆಮ್ಲಜನಕವನ್ನು ಒದಗಿಸಲು ಹೃದಯ ಶ್ವಾಸಕೋಶಗಳಿಗೆ ಸಾಧ್ಯವಾಗದೆ ಹೋದುದು ತಿಳಿಯುವ ವೇಳೆಗೆ ಎರಡು ಕಿಲೋಮೀಟರು ದಾಟಿರುತ್ತದೆ.

ಅದೇ ಹುಡುಗಿಯು ಇನ್ನೊಂದು ದಿನ ಗಡಿಯಾರವನ್ನು ನೋಡಿಕೊಂಡು ಮೊದಲನೆಯ ಕಿಲೋಮೀಟರನ್ನು ಬೇಕೆಂದೇ 6 ನಿಮಿಷಕ್ಕೆ ತಡೆದು, ಮುಂದಿನವನ್ನು ಐದೈದು ಸೆಕೆಂಡು ಕಡಮೆ ಮಾಡುತ್ತ ನಾಲ್ಕನೆಯದನ್ನು 5 ನಿಮಿಷ 45 ಸೆಕೆಂಡಿಗೆ ತಂದು, ಕೊನೆಯದನ್ನು ಐದೂವರೆ ನಿಮಿಷಕ್ಕೆ ಓಡಿದರೆ ಒಟ್ಟು ಕಾಲ ಸರಿಯಾಗಿ 29 ನಿಮಿಷವಾಗುತ್ತದೆ. ಕಾಲುಗಳು ಅವೇ, ಶ್ವಾಸವೂ ಅದೇ. 45 ಸೆಕೆಂಡು ಉಳಿದದ್ದು ಹಂಚಿಕೆಯಿಂದ ಮಾತ್ರ. ಜಗದ್ವಿಖ್ಯಾತರ ಓಟದಲ್ಲಿಯೂ ಇದನ್ನು ಕಾಣಬಹುದು. ಕೀನ್ಯಾ ದೇಶದ ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರಿನಲ್ಲಿ ಷಿಕಾಗೊ ನಗರದ ಮ್ಯಾರಥಾನ್ ಓಟವನ್ನು 2 ಗಂಟೆ 35 ಸೆಕೆಂಡುಗಳಲ್ಲಿ ಓಡಿ ಅಂದಿನ ವಿಶ್ವದಾಖಲೆಯನ್ನು ಮುರಿದಾಗ ಮೊದಲರ್ಧಕ್ಕೆ 60 ನಿಮಿಷ 48 ಸೆಕೆಂಡುಗಳನ್ನೂ ಎರಡನೆಯ ಅರ್ಧಕ್ಕೆ 59 ನಿಮಿಷ 47 ಸೆಕೆಂಡುಗಳನ್ನೂ ತೆಗೆದುಕೊಂಡನು.

ಅಭ್ಯಾಸದ ದಿನಗಳಲ್ಲಿ ಈ ಸಾಧನವು ಮಾಡುವ ಕೆಲಸ ಇನ್ನೂ ವಿಚಿತ್ರವಾದುದು. ವೇಗವನ್ನು ಹೆಚ್ಚಿಸಿಕೊಳ್ಳಲೆಂದು ಕೊಂಡ ಗಡಿಯಾರವು ಹೆಚ್ಚಿನ ದಿನಗಳಲ್ಲಿ 'ನಿಧಾನ, ನಿಧಾನ' ಎಂದೇ ಎಚ್ಚರಿಸಬೇಕಾಗುತ್ತದೆ. ದೂರದ ಓಟದ ಶ್ರೇಷ್ಠ ಪಟುಗಳ ಅಭ್ಯಾಸವನ್ನು ಪರಿಶೀಲಿಸಿದವರು ಅದರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಆರಾಮವಾದ, ಮಾತನಾಡುತ್ತ ಓಡಬಹುದಾದ ಗತಿಯದೆಂದು ಕಂಡಿದ್ದಾರೆ. ಕಠಿಣವಾದ ಓಟಕ್ಕೆ ಉಳಿಯುವುದು ಒಂದು ಪಾಲು. ಹೊಸಬರು ಇದಕ್ಕೆ ವಿರುದ್ಧವಾಗಿ ಪ್ರತಿದಿನವೂ ನಿನ್ನೆಯ ಕಾಲವನ್ನು ಮುರಿಯಲು ಹೊರಡುತ್ತಾರೆ. ಕೆಲವು ವಾರಗಳಲ್ಲಿ ಮೊಣಕಾಲಿನ ಕೆಳಗಿನ ಎಲುಬು ನೋಯತೊಡಗುತ್ತದೆ. ಗಡಿಯಾರದ ಹಿಂಭಾಗದಲ್ಲಿ ಮಿನುಗುವ ಹಸಿರು ದೀಪವು ಚರ್ಮದೊಳಗಿನ ರಕ್ತದ ಏರಿಳಿತವನ್ನು ಗ್ರಹಿಸಿ ಹೃದಯದ ಬಡಿತವನ್ನು ಎಣಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ ಆ ಎಣಿಕೆಯೂ ತಪ್ಪುವುದುಂಟು. ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ಆಡಲು ಸಾಧ್ಯವೇ ಎಂದು ನೋಡುವ ಹಳೆಯ ಪರೀಕ್ಷೆಗೆ ಯಾವ ಖರ್ಚೂ ಇಲ್ಲ.

ಇನ್ನು ಈ ಗಡಿಯಾರದ ದೋಷಗಳ ವಿಷಯ. ಆರು ನಿಮಿಷಕ್ಕೆ ಒಂದು ಕಿಲೋಮೀಟರು ಓಡುವವನು ಒಂದು ಸೆಕೆಂಡಿನಲ್ಲಿ ಮೂರು ಮೀಟರುಗಳಿಗೂ ಕಡಮೆ ದೂರ ಸಾಗುತ್ತಾನೆ. ಬಯಲಿನಲ್ಲಿಯೂ ಗಡಿಯಾರವು ಹೇಳುವ ಸ್ಥಾನದಲ್ಲಿ ಕೆಲವು ಮೀಟರುಗಳ ತಪ್ಪು ಇದ್ದೇ ಇರುತ್ತದೆ. ಆದಕಾರಣ ಆ ಕ್ಷಣದ ವೇಗವೆಂದು ಅದು ತೋರಿಸುವ ಅಂಕಿಯು ಚಂಚಲವಾದುದು. ಅದನ್ನೇ ನೋಡುತ್ತ ಓಡುವವನು ಸುಮ್ಮನೆ ಹಿಗ್ಗುತ್ತ ಕುಗ್ಗುತ್ತ ಹೋಗುತ್ತಾನೆ. ಇಡೀ ಕಿಲೋಮೀಟರಿನ ಸರಾಸರಿಯು ಇದಕ್ಕಿಂತ ನಂಬಲರ್ಹ. ಎತ್ತರವಾದ ಕಟ್ಟಡಗಳ ನಡುವೆ ಸಂಕೇತವು ಗೋಡೆಗಳಿಗೆ ಬಡಿದು ಸುತ್ತಿಬರುವುದರಿಂದ ದೂರ ತಪ್ಪುತ್ತದೆ. ದಟ್ಟವಾದ ಮರಗಳ ಕೆಳಗೂ ಸಂಕೇತ ಕ್ಷೀಣಿಸುತ್ತದೆ. ಬೆಂಗಳೂರಿನ ಕಬ್ಬನ್ ಉದ್ಯಾನದಂತಹ ನೆರಳಿನ ದಾರಿಯಲ್ಲಿ ಓಡುವವರು ಇದನ್ನು ನೆನಪಿನಲ್ಲಿಡಬೇಕು. ನಾನೂರು ಮೀಟರುಗಳ ಅಳತೆಯ ಅಂಗಣದಲ್ಲಿಯಂತೂ ಉಪಗ್ರಹಕ್ಕಿಂತ ಸುಣ್ಣದ ಗೆರೆಯೇ ಹೆಚ್ಚು ಸತ್ಯ.

ಮ್ಯಾರಥಾನ್ ಓಟದ 42.195 ಕಿಲೋಮೀಟರು ದಾರಿಯನ್ನು ಅಳೆಯುವ ಅಧಿಕಾರಿಗಳು ಇಂದಿಗೂ ಉಪಗ್ರಹವನ್ನು ಅವಲಂಬಿಸುವುದಿಲ್ಲ. ಚಕ್ರದ ಸುತ್ತುಗಳನ್ನು ಎಣಿಸುವ ಯಂತ್ರವನ್ನು ಜೋಡಿಸಿದ ಬೈಸಿಕಲ್ಲಿನ ಮೇಲೆ ಕುಳಿತು, ಪ್ರತಿಯೊಂದು ತಿರುವಿನಲ್ಲಿಯೂ ಅತ್ಯಂತ ಹತ್ತಿರದ ದಾರಿಯನ್ನೇ ಹಿಡಿದು ಅಳೆಯುತ್ತಾರೆ. ದಾರಿಯು ಕಡಮೆಯಾಗಬಾರದೆಂದು ಕಿಲೋಮೀಟರಿಗೆ ಒಂದು ಮೀಟರಿನಂತೆ ಸೇರಿಸುತ್ತಾರೆ. ಜನಸಂದಣಿಯ ನಡುವೆ ಓಡುವವನಿಗೆ ಆ ಹತ್ತಿರದ ದಾರಿ ಸಿಕ್ಕುವುದಿಲ್ಲ. ಅವನು ತಿರುವುಗಳಲ್ಲಿ ಬಳಸಿ ಓಡುತ್ತಾನೆ, ಗಡಿಯಾರವು ತನ್ನ ತಪ್ಪನ್ನೂ ಅದಕ್ಕೆ ಕೂಡಿಸುತ್ತದೆ. ಗುರಿಯ ಗೆರೆಯನ್ನು ಮುಟ್ಟುವಾಗ ಅದು 42.6 ಕಿಲೋಮೀಟರು ತೋರಿಸಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ನಾಲ್ಕು ಗಂಟೆಗಳಲ್ಲಿ ಮ್ಯಾರಥಾನನ್ನು ಮುಗಿಸಬೇಕೆಂದು ತಿಂಗಳುಗಟ್ಟಲೆ ಅಭ್ಯಾಸ ಮಾಡಿದವನು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡುಗಳ ಗತಿಯನ್ನು ಕಾಯ್ದುಕೊಳ್ಳಬೇಕು. ಗಡಿಯಾರದ ಕಿಲೋಮೀಟರನ್ನೇ ನಂಬಿ ಕಡೆಯವರೆಗೂ ಅದೇ ಗತಿಯಲ್ಲಿ ಓಡಿದರೆ, ಅವನ ಗಡಿಯಾರದ ಪ್ರಕಾರ ಎಲ್ಲವೂ ಸರಿಯಾಗಿದ್ದರೂ, ಗೆರೆಯನ್ನು ದಾಟುವಾಗ ನಾಲ್ಕು ಗಂಟೆಗಳ ಮೇಲೆ ಎರಡು ನಿಮಿಷಗಳಿಗೂ ಹೆಚ್ಚು ಕಳೆದಿರುತ್ತದೆ. ಆದ್ದರಿಂದ ಅನುಭವವುಳ್ಳವರು ಪಂದ್ಯದ ದಿನ ದೂರದ ಲೆಕ್ಕವನ್ನು ಗಡಿಯಾರದಿಂದ ಕಿತ್ತುಕೊಂಡು ರಸ್ತೆಬದಿಯ ಫಲಕಗಳಿಗೆ ಒಪ್ಪಿಸುತ್ತಾರೆ. ಪ್ರತಿಯೊಂದು ಫಲಕದ ಬಳಿಯೂ ಗುಂಡಿಯನ್ನು ತಾವೇ ಒತ್ತುತ್ತಾರೆ. ಕೆಲವರು ಒಂದು ಕಾಗದದ ಚೂರಿನ ಮೇಲೆ ಕಾಲಗಳನ್ನು ಬರೆದು ಮಣಿಕಟ್ಟಿಗೆ ಸುತ್ತಿಕೊಂಡಿರುತ್ತಾರೆ: ಹತ್ತರ ಫಲಕದ ಬಳಿ 56 ನಿಮಿಷ 53 ಸೆಕೆಂಡು, ಅರ್ಧ ದಾರಿಯಲ್ಲಿ ಸರಿಯಾಗಿ 2 ಗಂಟೆ, ಮೂವತ್ತರ ಫಲಕದ ಬಳಿ 2 ಗಂಟೆ 50 ನಿಮಿಷ 38 ಸೆಕೆಂಡು.